ತಡ ಯಾರದು? ವಕೀಲರ ಮುಂದೆ ನಮ್ಮವರ ಪ್ರಶ್ನೆಗಳು

1

ತಾಲ್ಲೂಕು ಕೋರ್ಟಿನ ಕಾಂಪೌಂಡಿನೊಳಗೆ ಒಂದು ಹೊಂಗೆ ಮರ. ಅದರ ನೆರಳಲ್ಲಿ ಟೈಪ್‌ರೈಟರ್ ಇಟ್ಟುಕೊಂಡ ಬಾಂಡ್ ರೈಟರು, ಆಚೆ ಬೆಂಚಿನ ಮೇಲೆ ಕರಿಕೋಟಿನ ವಕೀಲರು, ಈಚೆ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತ ನಮ್ಮ ಜನ. ನಮ್ಮಪ್ಪ ಅಲ್ಲಿಗೆ ಎರಡು ಕಾಗದ ಹಿಡಿದುಕೊಂಡು ಹೋಗಿದ್ದ. ಒಂದು, ದರಖಾಸ್ತಿನಲ್ಲಿ ಸಿಕ್ಕ ಎರಡೆಕರೆ ಜಮೀನಿನ ಸಾಗುವಳಿ ಚೀಟಿ. ಇನ್ನೊಂದು, ತಾತನ ಕಾಲದ ತೋಟಿ ಇನಾಂತಿಗೆ ಸೇರಿದ್ದು. ಆ ಹೊತ್ತಿಗೆ ಎರಡೂ ಜಮೀನು ಬೇರೆಯವರ ಉಳುಮೆಯಲ್ಲಿತ್ತು. ಅಪ್ಪ ಕೇಳಿದ್ದು ಒಂದೇ ಮಾತು: "ಸ್ವಾಮಿ, ಇದು ನಮ್ಗೆ ವಾಪಸ್ ಬತ್ತದಾ?" ವಕೀಲರು ಕಾಗದ ಬಿಡಿಸಿ, ತಾರೀಖು ನೋಡಿ, ಮಡಿಸಿ ಕೊಟ್ಟರು. "ತಡ ಆಯ್ತಲ್ಲಯ್ಯಾ, ಇಷ್ಟು ವರ್ಷ ಎಲ್ಲಿದ್ದೆ?"

ಅಪ್ಪ ಎಲ್ಲಿಗೂ ಹೋಗಿರಲಿಲ್ಲ. ಆ ಜಮೀನಿನ ಬದುವಿನ ಮೇಲೇ ದಿನಾ ಕೂಲಿಗೆ ನಡೆದು ಹೋಗುತ್ತಿದ್ದ.

ಈ ಸಣ್ಣ ಸಂಗತಿಯನ್ನು ಮುಂದಿಟ್ಟುಕೊಂಡು ನಾನು ಒಂದು ದೊಡ್ಡ ಚರಿತ್ರೆಯ ಕಡೆಗೆ ನಿಮ್ಮ ಗಮನ ಸೆಳೆಯಬೇಕಾಗಿದೆ. ದಲಿತ ವಿಮರ್ಶೆ ಎಂದರೆ ಕಥೆ, ಕಾವ್ಯ, ಆತ್ಮಕಥನಗಳ ಓದು ಎಂದು ನಾವು ಹೆಚ್ಚುಕಡಿಮೆ ಒಪ್ಪಿಕೊಂಡುಬಿಟ್ಟಿದ್ದೇವೆ. ಅದು ಬೇಕು. ಆದರೆ ಕೇರಿಯ ಬದುಕನ್ನು ತೀರ್ಮಾನ ಮಾಡಿದ ಬರವಣಿಗೆ ಯಾವುದು ಎಂದು ಕೇಳಿಕೊಂಡರೆ ಸಾಗುವಳಿ ಚೀಟಿ, ಪಹಣಿ, ಕ್ರಯಪತ್ರ, ವಕಾಲತ್ತು, ನೋಟೀಸುಗಳೇ ಮೊದಲು ಬರುತ್ತವೆ. ಇವೂ ಪಠ್ಯಗಳೇ. ನಮ್ಮವರ ಹೆಬ್ಬೆಟ್ಟು ಇವುಗಳ ಮೇಲಿದೆ. ಇವುಗಳ ಅರ್ಥ ಮಾತ್ರ ಸದಾ ಬೇರೆಯವರ ಬಾಯಲ್ಲಿತ್ತು. ಅಕ್ಷರ ಗೊತ್ತಿದ್ದ ಶಾನುಭೋಗರು, ಆಮೇಲೆ ಬಾಂಡ್ ರೈಟರು, ಆಮೇಲೆ ವಕೀಲರು. ಈ ಮೂವರಲ್ಲಿ ಯಾರೂ ಬಹಳ ಕಾಲ ನಮ್ಮವರಾಗಿರಲಿಲ್ಲ.

ಕೋರ್ಟು ಕಚೇರಿಗಳು ‘ತಡ’ ಎಂದು ಕರೆಯುತ್ತ ಬಂದಿರುವುದು ದಲಿತರ ಉದಾಸೀನವನ್ನಲ್ಲ. ಕೇಳಿದ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಹೇಳುವವರು ಸಿಗದೇ ಹೋದ ಚರಿತ್ರೆಗೆ ಅವು ಇಟ್ಟ ಹೆಸರು ಅದು. ಇದು ನನ್ನ ವಾದ. ಇದನ್ನು ಅಂಬೇಡ್ಕರ್ ಅವರ ವಕೀಲಿಕೆಯಿಂದ ಹಿಡಿದು ನಮ್ಮ ಕಾಲದ ಪಿ.ಟಿ.ಸಿ.ಎಲ್. ಕಾಯ್ದೆಯ ತಂಟೆಯವರೆಗೆ ನೋಡುತ್ತ ಬರಬಹುದು.

2

ನಮ್ಮ ಊರುಗಳಲ್ಲಿ ನಿಂತಿರುವ ಅಂಬೇಡ್ಕರ್ ಪ್ರತಿಮೆಗಳ ಕೈಯಲ್ಲಿ ಸಂವಿಧಾನದ ಪುಸ್ತಕವಿದೆ. ಅದಕ್ಕೂ ಕಾಲು ಶತಮಾನ ಮೊದಲು ಆ ಕೈಯಲ್ಲಿ ಬಡವರ ಕೇಸಿನ ಕಟ್ಟುಗಳಿದ್ದವು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದ ಅಂಬೇಡ್ಕರ್ 1923ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವಕೀಲಿಕೆ ಶುರುಮಾಡಿದರು. ಸನದಿಗೆ ಬೇಕಾದ ಹಣಕ್ಕೂ ಅವರು ಪಾರ್ಸಿ ಗೆಳೆಯ ನವಲ್ ಭಥೇನಾ ಅವರ ನೆರವು ಪಡೆಯಬೇಕಾಯಿತು. ಮುಂಬಯಿಯಲ್ಲಿ ದೊಡ್ಡ ಕೇಸುಗಳು ಸಾಲಿಸಿಟರುಗಳ ಕೈಯಿಂದ ಬ್ಯಾರಿಸ್ಟರುಗಳ ಕೈಗೆ ಬರುತ್ತಿದ್ದವು. ಅಸ್ಪೃಶ್ಯ ಬ್ಯಾರಿಸ್ಟರನಿಗೆ ಕೇಸು ಕೊಡುವ ಸಾಲಿಸಿಟರು ಯಾರು? ಅಂದರೆ, ಕೇಳುವವನಿಗಷ್ಟೇ ಜಾತಿ ಅಡ್ಡ ಬಂದಿತ್ತು ಅಂತಲ್ಲ, ಉತ್ತರ ಹೇಳುವವನಿಗೂ ಬಂದಿತ್ತು.

1924ರಲ್ಲಿ ಹುಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭಾದ ಕಚೇರಿ ಪರೇಲಿನ ದಾಮೋದರ ಹಾಲ್‌ನಲ್ಲಿತ್ತು. ಗಿರಣಿ ಕೂಲಿಗಳು ತುಂಬಿದ ಬಡಾವಣೆ ಅದು. ಅಲ್ಲಿಗೆ ಬಂದ ಬಡವರಿಗೆ ಅವರು ಎಷ್ಟೋ ಸಲ ದುಡ್ಡಿಲ್ಲದೆ ಕೇಸು ನಡೆಸಿಕೊಟ್ಟರು. ಆ ಜನ ತಂದ ಪ್ರಶ್ನೆಗಳು ನಿತ್ಯದ ಪ್ರಶ್ನೆಗಳು. ಆದರೆ ಅವುಗಳ ಹಿಂದೆ ಇಡೀ ಜಾತಿವ್ಯವಸ್ಥೆ ನಿಂತಿತ್ತು.

ಒಂದು ಪ್ರಶ್ನೆ: "ಕೆರೆ ನೀರು ಕುಡೀಬೋದಾ?" ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಎಸ್.ಕೆ. ಬೋಲೆಯವರ ನಿರ್ಣಯ 1923ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಪಾಸಾಗಿತ್ತು. 1924ರಲ್ಲಿ ಮಹಾಡದ ಪುರಸಭೆಯೂ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ನಿರ್ಣಯ ಮಾಡಿತು. ಕಾಗದದ ಮೇಲೆ ಉತ್ತರ ಇತ್ತು. 1927ರ ಮಾರ್ಚ್ 20ರಂದು ಆ ಉತ್ತರವನ್ನು ನಂಬಿ ಜನ ನೀರಿಗಿಳಿದಾಗ ಬಿದ್ದದ್ದು ದೊಣ್ಣೆ ಏಟು. ಅದೇ ವರ್ಷ ಪುರಸಭೆ ತನ್ನ ನಿರ್ಣಯವನ್ನು ವಾಪಸು ತೆಗೆದುಕೊಂಡಿತು. ಡಿಸೆಂಬರಿನಲ್ಲಿ ಎರಡನೇ ಸಮ್ಮೇಳನಕ್ಕೆ ಸಾವಿರಾರು ಜನ ಸೇರುವ ಹೊತ್ತಿಗೆ ಸವರ್ಣೀಯರು ಸಿವಿಲ್ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದಿದ್ದರು.

ಇಲ್ಲಿ ಅಂಬೇಡ್ಕರ್ ನಾಯಕರೂ ಹೌದು, ವಕೀಲರೂ ಹೌದು. ಜೈಲಿಗೆ ಹೋಗಲು ತಯಾರಾಗಿ ಬಂದ ಜನರಿಗೆ, ತಡೆಯಾಜ್ಞೆ ಅಂದರೆ ಏನು, ಅದನ್ನು ಮುರಿದರೆ ಏನಾಗುತ್ತದೆ, ಕೋರ್ಟಿನಲ್ಲಿ ಗೆದ್ದರೆ ಏನು ಸಿಗುತ್ತದೆ ಎಂದು ಬಿಡಿಸಿ ಹೇಳಿ ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿಸಿದರು. ಆ ಸಮ್ಮೇಳನದಲ್ಲೇ, ಡಿಸೆಂಬರ್ 25ರಂದು, ಮನುಸ್ಮೃತಿಯನ್ನು ಸುಟ್ಟರು. ಒಂದು ಕಾನೂನಿನ ಗ್ರಂಥವನ್ನು ಸುಡುತ್ತಲೇ ಇನ್ನೊಂದು ಕಾನೂನಿನ ಕಟಕಟೆಯಲ್ಲಿ ಹತ್ತು ವರ್ಷ ನಿಂತರು. 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟು ಸವರ್ಣೀಯರ ಮೇಲ್ಮನವಿಯನ್ನು ತಳ್ಳಿಹಾಕಿತು. ಆದರೆ ಆ ತೀರ್ಪು ಏನು ಹೇಳಿತೆಂಬುದನ್ನು ಗಮನಿಸಬೇಕು: ಅಸ್ಪೃಶ್ಯರನ್ನು ಹೊರಗಿಡುವ ರೂಢಿ ಅನಾದಿಯಿಂದ ಬಂದದ್ದು ಎಂಬುದನ್ನು ವಾದಿಗಳು ರುಜುವಾತು ಮಾಡಲಿಲ್ಲ ಎಂದಷ್ಟೇ. ರೂಢಿ ತಪ್ಪು ಎಂದಲ್ಲ, ರೂಢಿಗೆ ಸಾಕ್ಷಿ ಸಾಲದು ಎಂದು. ನೀರು ಕುಡಿಯಬಹುದಾ ಎಂಬ ಪ್ರಶ್ನೆಗೆ ಹತ್ತು ವರ್ಷದ ಮೇಲೆ ಬಂದ ಉತ್ತರ ಇದು.

ಇನ್ನೊಂದು ಪ್ರಶ್ನೆ ವತನಿನದು. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯಡಿ ಮಹಾರರು ಊರಿನ, ಸರ್ಕಾರದ ಚಾಕರಿ ಮಾಡಬೇಕಿತ್ತು. ಬೆಳಗಾವಿ, ಬಿಜಾಪುರದಂಥ ಕನ್ನಡ ಜಿಲ್ಲೆಗಳೂ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಆ ಕಾಯ್ದೆಯ ನೊಗ ಅಲ್ಲಿಯ ನಮ್ಮವರ ಹೆಗಲ ಮೇಲೂ ಇತ್ತು. 1925ರಲ್ಲಿ ನಿಪ್ಪಾಣಿಯಲ್ಲಿ ಬಹಿಷ್ಕೃತರ ಪ್ರಾಂತೀಯ ಸಮ್ಮೇಳನ ನಡೆದಾಗ ಅಂಬೇಡ್ಕರ್ ಬಂದಿದ್ದರು. ದಿನಕ್ಕೆ ಎಷ್ಟು ಹೊತ್ತು ಚಾಕರಿ? ಯಾವುದು ಸರ್ಕಾರಿ ಕೆಲಸ, ಯಾವುದು ಪಟೇಲನ ಮನೆಗೆಲಸ? ಮನೆಯ ಒಬ್ಬನಿಗೆ ಕಾಯಿಲೆಯಾದರೆ ಹೆಂಡತಿ ಮಕ್ಕಳು ಹೋಗಲೇಬೇಕಾ? ಈ ಪ್ರಶ್ನೆಗಳಿಗೆ ಕೇರಿಗೆ ತಿಳಿಯುವಂಥ ಉತ್ತರ ಯಾರಿಂದಲೂ ಬರುತ್ತಿರಲಿಲ್ಲ. ಬಿಡಿ ಉತ್ತರದಿಂದ ಇದು ಬಗೆಹರಿಯುವುದಿಲ್ಲ ಎಂದು ಕಂಡ ಅಂಬೇಡ್ಕರ್ 1928ರಲ್ಲಿ ಶಾಸನಸಭೆಯಲ್ಲಿ ಆ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದರು. ಕಕ್ಷಿಗಾರನ ಪ್ರಶ್ನೆಯಿಂದ ಕಾಯ್ದೆಯ ತಿದ್ದುಪಡಿಯವರೆಗಿನ ಈ ದಾರಿಯೇ ವಕೀಲ ಅಂಬೇಡ್ಕರ್ ನಮಗೆ ಬಿಟ್ಟುಹೋದದ್ದು.

3

ಮೈಸೂರು ಸೀಮೆಯ ಕಥೆ ಬೇರೆ ರೀತಿ. ಇಲ್ಲಿ ಸರ್ಕಾರವೇ ಅಸ್ಪೃಶ್ಯರಿಗೆ ಜಮೀನು ಮಂಜೂರು ಮಾಡಿತು. ಆಗಲೇ ಒಂದು ಷರತ್ತನ್ನೂ ಹಾಕಿತು: ಈ ಜಮೀನನ್ನು ಪರಭಾರೆ ಮಾಡಕೂಡದು. ಬಿಟ್ಟಿಯಾಗಿ ಕೊಟ್ಟಿದ್ದಾದರೆ ಯಾವತ್ತೂ ಮಾರಬಾರದು, ಬೆಲೆ ಕಟ್ಟಿಸಿಕೊಂಡು ಕೊಟ್ಟಿದ್ದಾದರೆ ಇಂತಿಷ್ಟು ವರ್ಷ ಮಾರಬಾರದು. ಕಾಲಕಾಲಕ್ಕೆ ಈ ನಿಯಮಗಳು ಬದಲಾಗುತ್ತ ಹೋದವು. ಷರತ್ತು ಬರೆದದ್ದು ಸಾಗುವಳಿ ಚೀಟಿಯಲ್ಲಿ. ಓದಲು ಬಾರದವನ ಟ್ರಂಕಿನಲ್ಲಿ ಆ ಚೀಟಿ ಇತ್ತು. ಮಗಳ ಮದುವೆ, ಬರಗಾಲ, ಆಸ್ಪತ್ರೆ, ಸಾಲ. ಮುನ್ನೂರು ನಾನೂರು ರೂಪಾಯಿಗೆ ಜಮೀನು ಹೋಯಿತು. ಕ್ರಯಪತ್ರ ಬರೆದ ಬಾಂಡ್ ರೈಟರಿಗೆ ಷರತ್ತು ಗೊತ್ತಿತ್ತು. ಕೊಂಡವನಿಗೂ ಗೊತ್ತಿತ್ತು. ರಿಜಿಸ್ಟ್ರಿ ಮಾಡಿದ ಅಧಿಕಾರಿಗೆ ಗೊತ್ತಿರಲೇಬೇಕಿತ್ತು. ಗೊತ್ತಿಲ್ಲದವನು ಹೆಬ್ಬೆಟ್ಟು ಒತ್ತಿದವನು ಒಬ್ಬನೇ.

ತೋಟಿ, ತಳವಾರ, ನೀರಗಂಟಿ ಮುಂತಾದ ಚಾಕರಿಗಳಿಗೆ ಅಂಟಿಕೊಂಡಿದ್ದ ಜಮೀನು ಇನ್ನೊಂದು ಬಗೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗಿಕೆ, ಪಟೇಲಿಕೆಯ ಜೊತೆಗೆ ತೋಟಿತನವೂ ಹೋಯಿತು. ಜಮೀನನ್ನು ಸರ್ಕಾರ ತೆಗೆದುಕೊಂಡು, ಹುದ್ದೆಯಲ್ಲಿದ್ದವರು ಅರ್ಜಿ ಹಾಕಿ ಹಣ ಕಟ್ಟಿದರೆ ಮರುಮಂಜೂರು ಮಾಡಿಕೊಡಬೇಕೆಂದಾಯಿತು. ನೂರಾರು ವರ್ಷ ತಮಟೆ ಹೊಡೆದು, ಹೆಣ ಕಾದು, ದನ ಎಳೆದು ಉಳಿಸಿಕೊಂಡ ಹೊಲವನ್ನು ಮತ್ತೆ ಕೇಳಿ ಪಡೆಯಬೇಕು ಎಂಬ ಸುದ್ದಿಯೇ ಎಷ್ಟೋ ಕೇರಿಗಳಿಗೆ ಮುಟ್ಟಲಿಲ್ಲ. ಸುದ್ದಿ ಮುಟ್ಟಿಸುವ ಕೆಲಸ ತೋಟಿಯದೇ ಆಗಿತ್ತಲ್ಲ! ಊರಿಗೆಲ್ಲ ಡಂಗೂರ ಸಾರಿದವನಿಗೆ ಅವನದೇ ಸುದ್ದಿಯನ್ನು ಸಾರಿ ಹೇಳುವವರು ಇರಲಿಲ್ಲ.

ಆಮೇಲೆ ಬಂದದ್ದು ದೇವರಾಜ ಅರಸು ಕಾಲದ ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳೆಲ್ಲ ಸರ್ಕಾರಕ್ಕೆ ಸೇರಿದವು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು ಇರಬೇಕೆಂಬ ನಿಯಮ. ಈ ಕಾಯ್ದೆಯಲ್ಲಿ ಇನ್ನೊಂದು ವಿಶೇಷ ಇತ್ತು. ನ್ಯಾಯಮಂಡಳಿಯ ಮುಂದೆ ವಕೀಲರು ಬರಕೂಡದು ಎಂದು 48ನೇ ಕಲಮಿನಲ್ಲೇ ಬರೆಯಲಾಗಿತ್ತು.

ಇದರ ಹಿಂದಿನ ಆಶಯ ಒಳ್ಳೆಯದೇ. ಭೂಮಾಲೀಕ ವಕೀಲರನ್ನು ತಂದು ನಿಲ್ಲಿಸಿದರೆ ಗೇಣಿದಾರನ ಬಾಯಿ ಕಟ್ಟಿಹೋಗುತ್ತದೆ. ಇಬ್ಬರೂ ಬರೀ ಬಾಯಲ್ಲಿ ಬರಲಿ, ಊರವರ ಮುಂದೆ ಸತ್ಯ ಹೊರಬರಲಿ ಎಂದು. ಸಾವಿರಾರು ಗೇಣಿದಾರರಿಗೆ ಇದರಿಂದ ಅನುಕೂಲ ಆಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ದಲಿತರಲ್ಲಿ ಹೆಚ್ಚಿನವರು ಪಹಣಿಯಲ್ಲಿ ಹೆಸರಿದ್ದ ಗೇಣಿದಾರರಲ್ಲ. ಅವರು ಜೀತದಾಳು, ಕೂಲಿಯಾಳು, ಬಾಯಿಮಾತಿನ ವಾರದವರು. ಇಂಥವರಿಗೆ ಮೊದಲು ಬೇಕಾದದ್ದು "ನಾನು ಗೇಣಿದಾರನಾ, ಅಲ್ಲವಾ?" ಎಂಬ ಪ್ರಶ್ನೆಗೆ ಉತ್ತರ. ವಕೀಲನನ್ನು ಹೊರಗಿಟ್ಟ ಕಾಯ್ದೆ ಆ ಜಾಗದಲ್ಲಿ ಇನ್ನೊಬ್ಬ ತಿಳಿದವನನ್ನು ಕೂರಿಸಲಿಲ್ಲ. ಕೂತವನು ಊರಿನ ಯಜಮಾನನೇ. "ಫಾರಂ ಹಾಕ್ಬೇಡ ಕಣ್ಲಾ, ಕೂಲಿ ತಪ್ಪೋಗ್ತದೆ" ಎಂದರೆ ಅದೇ ಕಾನೂನು ಸಲಹೆ.

ಇನ್ನೊಂದು ಸೂಕ್ಷ್ಮವೂ ಇದೆ. ನ್ಯಾಯಮಂಡಳಿಯ ತೀರ್ಮಾನದ ಮೇಲೆ ಮೊದಲಿಗೆ ಅಪೀಲು ಇರಲಿಲ್ಲ. ರಿಟ್ ಹಾಕಿ ಬೆಂಗಳೂರಿನ ಹೈಕೋರ್ಟಿಗೆ ಹೋಗಬೇಕಿತ್ತು. ಅಲ್ಲಿ ವಕೀಲರಿಗೆ ಅಡ್ಡಿಯಿಲ್ಲ. ಹೀಗಾಗಿ ತಾಲ್ಲೂಕಿನಲ್ಲಿ ಇಬ್ಬರೂ ಸಮ, ಬೆಂಗಳೂರಿನಲ್ಲಿ ದುಡ್ಡಿದ್ದವನು ಮೇಲು. 1987ರಲ್ಲಿ ಸುಪ್ರೀಂ ಕೋರ್ಟು, ಶ್ರೀನಿವಾಸ ರಾಘವಾಚಾರ್ ಪ್ರಕರಣದಲ್ಲಿ, ವಕೀಲರನ್ನು ತಡೆಯುವ ಅಧಿಕಾರ ರಾಜ್ಯಕ್ಕಿಲ್ಲ ಎಂದು ಆ ನಿಷೇಧವನ್ನೂ ತೆಗೆದುಹಾಕಿತು. ಅಷ್ಟರಲ್ಲಿ ಫಾರಂ 7ರ ಕೊನೆಯ ಗಡುವು, 1979ರ ಜೂನ್ 30, ಮುಗಿದು ಎಂಟು ವರ್ಷವಾಗಿತ್ತು.

4

1979ರ ಮೊದಲ ದಿನವೇ ಇನ್ನೊಂದು ಕಾಯ್ದೆ ಜಾರಿಗೆ ಬಂತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, 1978. ಕೇರಿಯ ಬಾಯಲ್ಲಿ ಇದು ಪಿ.ಟಿ.ಸಿ.ಎಲ್. ದೇಶದ ಭೂಕಾನೂನುಗಳಲ್ಲಿ ಇಷ್ಟು ದಿಟ್ಟವಾದದ್ದು ಕಡಿಮೆ. ಮಂಜೂರಾತಿ ಷರತ್ತು ಮುರಿದು ಆದ ಮಾರಾಟ, ಕಾಯ್ದೆಗೆ ಮೊದಲು ಆಗಿದ್ದರೂ ಸರಿ, ಆಮೇಲೆ ಆದರೂ ಸರಿ, ಅನೂರ್ಜಿತ. ಇನ್ನು ಮುಂದೆ ಮಾರಬೇಕಾದರೆ ಸರ್ಕಾರದ ಪೂರ್ವಾನುಮತಿ ಬೇಕು. ಕಳೆದುಹೋದ ಜಮೀನನ್ನು ಅಸಿಸ್ಟೆಂಟ್ ಕಮಿಷನರ್ ವಶಕ್ಕೆ ತೆಗೆದುಕೊಂಡು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕು.

ಭೂಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. 1984ರ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆ ಗೆದ್ದಿತು. ಆದರೆ ಒಂದು ಕಿಂಡಿ ಉಳಿಯಿತು: ಕಾಯ್ದೆ ಬರುವ ಮೊದಲೇ ಕೊಂಡವನು ನಿಗದಿಯಾದಷ್ಟು ವರ್ಷ ಅನುಭವದಲ್ಲಿದ್ದು ಪೂರ್ಣ ಹಕ್ಕು ಗಳಿಸಿಕೊಂಡಿದ್ದರೆ ಅದನ್ನು ಮುಟ್ಟುವಂತಿಲ್ಲ. ಎಷ್ಟು ವರ್ಷ? 1994ರಲ್ಲಿ ಹುಚ್ಚೇಗೌಡ ಪ್ರಕರಣದಲ್ಲಿ ಇದಕ್ಕೆ ಉತ್ತರ ಬಂತು: ಮಂಜೂರಾತಿಯಿಂದ ಜಮೀನಿನ ಒಡೆತನವೇ ದಾಟಿಹೋಗಿದ್ದರೆ 12 ವರ್ಷ, ಸರ್ಕಾರವೇ ಒಡೆಯನಾಗಿ ಉಳಿದಿದ್ದರೆ 30 ವರ್ಷ. ಹನ್ನೆರಡೋ ಮೂವತ್ತೋ ಎಂಬುದು ಚೀಟಿಯಲ್ಲಿನ ಷರತ್ತಿನ ಮೇಲೆ ನಿಂತಿದೆ. ಒಂದು ಸಾಲನ್ನು ಸರಿಯಾಗಿ ಓದಿ ಹೇಳುವವನು ಇದ್ದಾನೋ ಇಲ್ಲವೋ ಎಂಬುದರ ಮೇಲೆ ಎರಡೆಕರೆ ಹೊಲ ನಿಂತಿದೆ.

ನಮ್ಮಪ್ಪನ ಎರಡು ಕಾಗದಗಳ ಗುಟ್ಟೂ ಇಲ್ಲಿಯೇ ಇದೆ. ಪಿ.ಟಿ.ಸಿ.ಎಲ್. ಕಾಯ್ದೆ ‘ಮಂಜೂರಾದ ಜಮೀನು’ ಎಂದರೇನು ಎಂದು ಹೇಳುವಾಗ ಭೂಸುಧಾರಣೆ, ಇನಾಂ ರದ್ದತಿಗಳಲ್ಲಿ ಬಂದ ಜಮೀನನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತದೆ. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಪಟ್ಟದ್ದನ್ನು ಮಾತ್ರ ಹೊರಗಿಡುತ್ತದೆ. ಅಂದರೆ ದರಖಾಸ್ತಿನ ಎರಡೆಕರೆಗೆ ಈ ಕಾಯ್ದೆಯ ರಕ್ಷೆ ಇದೆ, ತೋಟಿ ಇನಾಂತಿಗೆ ಇಲ್ಲ. ಅದಕ್ಕೆ ಬೇರೆಯೇ ಕಾಯ್ದೆ, ಬೇರೆಯೇ ದಾರಿ. ಒಂದೇ ಟ್ರಂಕು, ಒಂದೇ ಜಾತಿ, ಒಂದೇ ಬಡತನ. ಆದರೂ ಕಾಗದ ಎರಡು, ಕಾನೂನು ಎರಡು. ಇದನ್ನು ಬೇರೆಬೇರೆ ಮಾಡಿ ಹೇಳದೆ ಎರಡಕ್ಕೂ ಒಟ್ಟಿಗೆ ‘ತಡ’ ಎಂದುಬಿಟ್ಟರೆ ಅದು ಸಲಹೆಯೂ ಅಲ್ಲ, ಅಜ್ಞಾನವೂ ಅಲ್ಲ. ಕೇಳಿದವನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಸಡ್ಡೆ.

ಎಪ್ಪತ್ತು ಎಂಬತ್ತರ ದಶಕಗಳಲ್ಲಿ ಈ ಅಸಡ್ಡೆಯನ್ನು ಸ್ವಲ್ಪವಾದರೂ ಮುರಿದದ್ದು ದಲಿತ ಸಂಘರ್ಷ ಸಮಿತಿ. ಬಿ. ಕೃಷ್ಣಪ್ಪನವರು ಕನ್ನಡದ ಮೇಷ್ಟ್ರು. ಅವರ ಜೊತೆಗೆ ಹಳ್ಳಿ ತಿರುಗಿದ ಕಾರ್ಯಕರ್ತರಲ್ಲಿ ಹೆಚ್ಚಿನವರು ಲಾ ಓದಿದವರಲ್ಲ. ಆದರೂ ಸರ್ವೆ ನಂಬರು ಬರೆದುಕೊಂಡು, ಕಚೇರಿಯಿಂದ ನಕಲು ತೆಗೆಸಿ, ಎ.ಸಿ.ಗೆ ಅರ್ಜಿ ಬರೆದುಕೊಟ್ಟರು. ರಾತ್ರಿ ಕೇರಿಯ ಸಭೆಯಲ್ಲಿ ಹೋರಾಟದ ಹಾಡು ಮುಗಿದ ಮೇಲೆ ಟ್ರಂಕುಗಳು ಬಿಚ್ಚಿಕೊಳ್ಳುತ್ತಿದ್ದವು. ಆ ಚಳವಳಿಯ ಹಾಡು, ಕವಿತೆ, ಭಾಷಣಗಳ ಬಗ್ಗೆ ನಾವು ಪುಟಗಟ್ಟಲೆ ಬರೆದಿದ್ದೇವೆ. ಲಾಂದ್ರದ ಬೆಳಕಲ್ಲಿ ಬರೆದ ಆ ಅರ್ಜಿಗಳ ಭಾಷೆಯನ್ನು ಯಾವ ವಿಮರ್ಶಕನೂ ಓದಿಲ್ಲ. "ನಾವು ಕಡುಬಡವರು, ದಯಮಾಡಿ" ಎಂದು ಶುರುವಾಗುತ್ತಿದ್ದ ಅರ್ಜಿ "ಕಲಂ 5ರ ಪ್ರಕಾರ ನಮ್ಮ ಜಮೀನನ್ನು ನಮಗೆ ಬಿಡಿಸಿಕೊಡತಕ್ಕದ್ದು" ಎಂದು ಬದಲಾದಾಗ ಕನ್ನಡದಲ್ಲಿ ಒಂದು ದೊಡ್ಡ ಪಲ್ಲಟ ನಡೆಯಿತು. ಅದೂ ದಲಿತ ಸಾಹಿತ್ಯವೇ.

ಹಾಗೆಂದು ನಮ್ಮ ಮನೆಯೊಳಗಿನ ಕತ್ತಲನ್ನು ಮುಚ್ಚಿಡಬಾರದು. ಆ ಹೊಂಗೆ ಮರದ ಕೆಳಗೆ ನಮ್ಮವ್ವ ಯಾವತ್ತೂ ಹೋಗಲಿಲ್ಲ. ಹೊಲದಲ್ಲಿ ಕಳೆ ಕಿತ್ತವಳು ಅವಳು, ಚೀಟಿಯಲ್ಲಿ ಹೆಸರು ಅಪ್ಪನದು, ಮಾರಿದಾಗ ಅವಳನ್ನು ಕೇಳಿದವರಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಕಾನೂನು ಮಾಡಿತು. ಈ ಸುದ್ದಿಯನ್ನು ನಮ್ಮ ಅಕ್ಕತಂಗಿಯರಿಗೆ ನಾವೇ ಎಷ್ಟು ಜನ ಹೋಗಿ ಹೇಳಿದ್ದೇವೆ? ಉತ್ತರ ಬಚ್ಚಿಟ್ಟುಕೊಳ್ಳುವ ಯಜಮಾನಿಕೆ ಊರಿನಲ್ಲಿ ಮಾತ್ರ ಇಲ್ಲ.

5

ಈಗ ‘ತಡ’ದ ಮಾತಿಗೆ ಬರೋಣ. ಪಿ.ಟಿ.ಸಿ.ಎಲ್. ಕಾಯ್ದೆಯಲ್ಲಿ ಅರ್ಜಿ ಹಾಕಲು ಇಷ್ಟೇ ವರ್ಷ ಎಂಬ ಗಡುವು ಇರಲಿಲ್ಲ. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಗಡುವು ಬರೆದಿಲ್ಲದಿದ್ದರೂ ‘ಸಮಂಜಸ ಅವಧಿ’ಯೊಳಗೆ ಬರಬೇಕು, ಕಾಯ್ದೆ ಬಂದು ಇಷ್ಟೆಲ್ಲ ವರ್ಷಗಳಾದ ಮೇಲೆ ಬಂದರೆ ಆಗುವುದಿಲ್ಲ ಎಂದಿತು. ಆ ಪ್ರಕರಣದಲ್ಲಿ ಆಗಿದ್ದದ್ದು ಸುಮಾರು ಕಾಲು ಶತಮಾನದ ಅಂತರ. ಆ ಒಂದು ತೀರ್ಪನ್ನು ಹಿಡಿದುಕೊಂಡು ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ವಜಾ ಆಗತೊಡಗಿದವು. ಗೆದ್ದು ಜಮೀನಿಗೆ ಇಳಿದವರೂ ಮತ್ತೆ ಹೊರಬೀಳುವ ಭಯ ಹುಟ್ಟಿತು. ದಲಿತ ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತವು. 2023ರಲ್ಲಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ತಂದು, ಈ ಕಾಯ್ದೆಯಡಿ ಹಕ್ಕು ಕೇಳಲು ಕಾಲಮಿತಿ ಇಲ್ಲ ಎಂದು ಬರೆಯಿತು. ಆದರೂ ತಗಾದೆ ಮುಗಿಯಲಿಲ್ಲ. ತಿದ್ದುಪಡಿಯ ಆಮೇಲೂ ವಿಳಂಬವನ್ನು ಗಣನೆಗೆ ತೆಗೆದುಕೊಳ್ಳಬಹುದೇ ಎಂಬ ವಾದ ಹೈಕೋರ್ಟಿನಲ್ಲಿ ಮುಂದುವರಿಯಿತು.

ಕೊಂಡವನ ಕಷ್ಟವೂ ಒಂದು ವಾದವೇ, ಅದನ್ನು ಕೇಳಿಸಿಕೊಳ್ಳೋಣ. ಮೂರನೆಯವನಿಂದಲೋ ನಾಲ್ಕನೆಯವನಿಂದಲೋ ದುಡ್ಡು ಕೊಟ್ಟು ಕೊಂಡು, ಬಾವಿ ತೋಡಿಸಿ, ತೆಂಗು ಹಾಕಿದ ಸಣ್ಣ ರೈತನೂ ಇದ್ದಾನೆ. ಅವನನ್ನು ಯಾವಾಗ ಬೇಕಾದರೂ ಎಬ್ಬಿಸಬಹುದೇ ಎಂದು ಕೋರ್ಟು ಕೇಳಿದರೆ ಅದು ತಪ್ಪು ಪ್ರಶ್ನೆಯಲ್ಲ. ಆದರೆ ಕಾಯ್ದೆಯ 5ನೇ ಕಲಮನ್ನು ಇನ್ನೊಮ್ಮೆ ಓದಬೇಕು. ಹಕ್ಕುದಾರ ಅರ್ಜಿ ಹಾಕಿದರೆ ಮಾತ್ರ ಎ.ಸಿ. ಎದ್ದು ನಿಲ್ಲಬೇಕೆಂದು ಅದು ಹೇಳುವುದಿಲ್ಲ. ಯಾರೇ ಬರೆದು ತಿಳಿಸಿದರೂ ಸಾಕು. ಯಾರೂ ತಿಳಿಸದಿದ್ದರೂ ತಾನಾಗಿಯೇ ವಿಚಾರಣೆ ಮಾಡುವ ಅಧಿಕಾರ ಅವರಿಗಿದೆ. 6ನೇ ಕಲಮು ಇಂಥ ಜಮೀನುಗಳ ಪರಭಾರೆಯನ್ನು ನೋಂದಾಯಿಸದಂತೆ ಸಬ್ ರಿಜಿಸ್ಟ್ರಾರರ ಕೈಕಟ್ಟುತ್ತದೆ. ಮಂಜೂರಾತಿ ವಹಿ ಯಾರ ಕಚೇರಿಯಲ್ಲಿದೆ? ಸರ್ಕಾರದ್ದು. ಪಹಣಿಯಲ್ಲಿ ಹೆಸರು ಬದಲಾಯಿಸಿದವರು ಯಾರು? ಸರ್ಕಾರದವರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರೆ 1979ರಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತೈದು ವರ್ಷ ಸುಮ್ಮನಿದ್ದದ್ದು ಆ ವಹಿ. ಹಾಗಿದ್ದ ಮೇಲೆ ತಡವನ್ನು ಬರೆಯಬೇಕಾದದ್ದು ಯಾರ ಖಾತೆಗೆ?

ಕಾನೂನು ಗೊತ್ತಿಲ್ಲ ಎಂಬುದು ನೆಪವಾಗಲಾರದು ಎಂಬ ಮಾತನ್ನು ಲಾ ಕಾಲೇಜಿನ ಮೊದಲ ವರ್ಷವೇ ಹೇಳಿಕೊಡುತ್ತಾರೆ. ಎಲ್ಲರಿಗೂ ಗೊತ್ತಿರುತ್ತದೆ ಎಂಬ ಊಹೆಯ ಮೇಲೆ ಆ ಮಾತು ನಿಂತಿದೆ. ಅಕ್ಷರವನ್ನೇ ನಿಷೇಧಿಸಿದ್ದ ಸಮಾಜದಲ್ಲಿ ಆ ಊಹೆಯ ಭಾರ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳುವುದು ದಲಿತ ವಿಮರ್ಶೆಯ ಕೆಲಸ.

6

ಈಗ ಉತ್ತರ ಸಿಗುವ ಬಾಗಿಲುಗಳೇ ಇಲ್ಲವೆಂದಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 39ಎ ವಿಧಿಯನ್ನು ಸೇರಿಸಿ, ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದು ಎಂದಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಆಯಿತು. ಅದು ಜಾರಿಗೆ ಬರಲು 1995ರ ನವೆಂಬರ್ 9ರವರೆಗೆ ಕಾಯಬೇಕಾಯಿತು. ಅಲ್ಲೂ ತಡವೇ, ಅದನ್ನು ಮಾತ್ರ ಯಾರೂ ತಡ ಎನ್ನಲಿಲ್ಲ. ಈ ಕಾಯ್ದೆಯ 12ನೇ ಕಲಮಿನ ಪ್ರಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಕಾನೂನು ನೆರವು ಉಚಿತ, ಆದಾಯದ ಮಿತಿ ಅಡ್ಡ ಬರುವುದಿಲ್ಲ. ಹೆಂಗಸರಿಗೂ ಹಾಗೆಯೇ. ಕೇಸು ನಡೆಸುವುದಷ್ಟೇ ನೆರವಲ್ಲ, ಕಾನೂನಿನ ಯಾವುದೇ ವಿಷಯಕ್ಕೆ ಸಲಹೆ ಕೊಡುವುದೂ ‘ಕಾನೂನು ಸೇವೆ’ ಎಂದು ಅದರ 2ನೇ ಕಲಮಿನಲ್ಲೇ ಇದೆ. ತಾಲ್ಲೂಕು ಕೋರ್ಟಿನಲ್ಲಿ ಇದರ ಸಮಿತಿ ಇರುತ್ತದೆ. 15100 ಎಂಬ ಫೋನ್ ನಂಬರೂ ಇದೆ. ನಮ್ಮ ಕಾರ್ಯಕರ್ತರು ಇದನ್ನು ಕೇರಿಯ ಗೋಡೆಯ ಮೇಲೆ ಬರೆಸಬೇಕು.

ಬಾಗಿಲು ಇದ್ದರೂ ಜನ ಒಳಗೆ ಹೋಗುವುದಿಲ್ಲ. ಯಾಕೆ? ತಾಲ್ಲೂಕಿನಲ್ಲಿ ಗೌಡರ ಕೇಸು ನಡೆಸುವವರೂ, ನೆರವಿನ ಪಟ್ಟಿಯಲ್ಲಿರುವವರೂ ಅದೇ ನಾಲ್ಕು ವಕೀಲರು. ಬೆಳಿಗ್ಗೆ ಕೇಳಿದ ಪ್ರಶ್ನೆ ಸಾಯಂಕಾಲ ಊರಿನ ಜಗಲಿಗೆ ಮುಟ್ಟುತ್ತದೆ ಎಂಬ ಭಯ. ಕಕ್ಷಿಗಾರ ಹೇಳಿದ್ದನ್ನು ವಕೀಲ ಹೊರಗೆ ಬಿಡಕೂಡದು ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಇದೆ. ಇದು ವಕೀಲರ ದೊಡ್ಡತನವಲ್ಲ, ಕೇಳುವವನ ಹಕ್ಕು. ಹಾಗೆಯೇ "ಗೆದ್ರೆ ಅರ್ಧ ಜಮೀನು ನಂದು" ಎಂಬ ಕರಾರು. ಗೆಲುವಿನ ಮೇಲೆ ಫೀಜು ಕಟ್ಟುವುದು, ಬಂದದ್ದರಲ್ಲಿ ಪಾಲು ಕೇಳುವುದು ಎರಡನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಬಡವರಿಗೆ ಪುಕ್ಕಟೆ ನೆರವು ಕೊಡುವುದು ವಕೀಲನ ಹೆಚ್ಚಿನ ಹೊಣೆಗಳಲ್ಲಿ ಒಂದು ಎಂದೂ ಆ ನಿಯಮಗಳು ಹೇಳುತ್ತವೆ. ಈ ಮೂರು ಸಂಗತಿ ಗೊತ್ತಿದ್ದವನು ಹೊಂಗೆ ಮರದ ಕೆಳಗೆ ಕುಕ್ಕರಗಾಲಲ್ಲಿ ಕೂರುವುದಿಲ್ಲ, ಬೆಂಚಿನ ಮೇಲೆ ಕೂರುತ್ತಾನೆ.

ಇವತ್ತು ನಮ್ಮಲ್ಲಿ ಲಾ ಓದಿದ ಹುಡುಗ ಹುಡುಗಿಯರು ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಹೈಕೋರ್ಟಿಗೆ ಹೋಗಿ, ನ್ಯಾಯಾಧೀಶರೂ ಆಗಿ. ಅದಕ್ಕೆ ಮೊದಲು ವಾರಕ್ಕೊಂದು ದಿನ ಕೇರಿಯಲ್ಲಿ ಕೂತು ಟ್ರಂಕು ತೆಗೆಸಿ. ಪರೇಲಿನ ಆ ಕಚೇರಿಗಿಂತ ದೊಡ್ಡ ಜಾಗ ಇದಕ್ಕೆ ಬೇಕಿಲ್ಲ.

ನಮ್ಮಪ್ಪನ ಪ್ರಶ್ನೆಗೆ ಉತ್ತರ ಹೀಗಿರಬೇಕಿತ್ತು. "ಕೂತ್ಕೊ ಯಜಮಾನ. ಈ ಸಾಗುವಳಿ ಚೀಟಿ ಇದೆಯಲ್ಲ, ಇದರ ಹಿಂದೆ ಷರತ್ತು ಬರೆದಿದೆ, ಮಾರಬಾರದಿತ್ತು. ಎ.ಸಿ.ಗೆ ಇವತ್ತೇ ಅರ್ಜಿ ಹಾಕೋಣ. ಮಾರಿದ ತಾರೀಖು, ಮಂಜೂರಾದ ತಾರೀಖು ಎರಡೂ ಬೇಕು, ನಕಲು ತೆಗೆಸೋಣ. ಈ ಇನ್ನೊಂದು ಕಾಗದ ತೋಟಿ ಇನಾಂತಿದು, ಅದಕ್ಕೆ ಈ ಕಾಯ್ದೆ ಬರಲ್ಲ. ಮರುಮಂಜೂರಾತಿ ಆಗಿತ್ತಾ, ಆಗಿದ್ರೆ ಯಾವತ್ತು, ಮಾರಿದ್ದು ಯಾವತ್ತು ನೋಡ್ಬೇಕು. 1978ರ ತಿದ್ದುಪಡಿ ಅಂಥ ಜಮೀನನ್ನೂ 15 ವರ್ಷ ಮಾರದಂತೆ ತಡೆದಿತ್ತು. ಆಸೆ ಕಮ್ಮಿ, ನೋಡದೆ ಬಿಡೋದು ಬೇಡ."

ಇಷ್ಟು ಹೇಳಲು ಹತ್ತು ನಿಮಿಷ ಸಾಕಾಗಿತ್ತು. ಅಪ್ಪ ಈಗಿಲ್ಲ. ಕಾಗದಗಳು ಅದೇ ಟ್ರಂಕಿನಲ್ಲಿವೆ. ಅರ್ಜಿಯನ್ನು ಮೊನ್ನೆ ನಾನು ಬರೆದೆ; ಅದರಲ್ಲಿ ‘ದಯಮಾಡಿ’ ಎಂಬ ಪದ ಇಲ್ಲ.